ಒಂದು ಪಿಸ್ತೂಲು, ಇಬ್ಬರು ದೊರೆಗಳು

2015ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮೊಬೀಲ್ ನಗರದಲ್ಲಿ ಹೆಡ್‌ಲೈಟ್ ಕೆಟ್ಟಿದ್ದ ಕಾರೊಂದನ್ನು ಪೊಲೀಸರು ತಡೆದರು. ಒಳಗೆ ಗುಂಡು ತುಂಬಿದ ಪಿಸ್ತೂಲು ಸಿಕ್ಕಿತು. ಹಿಂದೆ ದರೋಡೆ ಕೇಸಿನಲ್ಲಿ ಶಿಕ್ಷೆಯಾಗಿದ್ದ ಚಾಲಕ ಟೆರೆನ್ಸ್ ಗ್ಯಾಂಬಲ್ ಬಂದೂಕು ಮುಟ್ಟುವಂತಿರಲಿಲ್ಲ. ರಾಜ್ಯದ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಒಂದು ವರ್ಷ ಜೈಲಾಯಿತು. ಅಷ್ಟಕ್ಕೇ ಮುಗಿಯಲಿಲ್ಲ, ಒಕ್ಕೂಟ ಸರ್ಕಾರವೂ ಕೇಸು ಹಾಕಿತು. ಆಗ ಆರೋಪಿಗೂ ವಾಷಿಂಗ್ಟನ್ನಿಗೂ ಮಾತುಕತೆ ನಡೆದಿದ್ದರೆ?

"ಅದೇ ಕಾರು, ಅದೇ ಪಿಸ್ತೂಲು. ಮತ್ತೆ ಯಾಕೆ ಸ್ವಾಮಿ?"

"ಅದು ಅಲಬಾಮಾದ ಅಪರಾಧ ಕಣಪ್ಪ. ಇದು ನಮ್ಮದು."

"ಒಂದು ಅಪರಾಧಕ್ಕೆ ಎರಡು ಸಲ ವಿಚಾರಣೆ ಕೂಡದು ಅಂತ ಸಂವಿಧಾನದ ಐದನೇ ತಿದ್ದುಪಡಿ ಇದೆಯಲ್ಲ?"

"ಎರಡು ಸಲ ಎಲ್ಲಿ? ಅವರು ಒಂದು ಸಲ, ನಾವು ಒಂದು ಸಲ."

"ಕೂಡಿದರೆ?"

"ಕೂಡುವ ಹಾಗಿಲ್ಲ. 1922ರ ಹೆಂಡದ ಕೇಸಿನ ತೀರ್ಪಿನಿಂದಲೂ ಲೆಕ್ಕ ಬೇರೆ ಬೇರೆಯೇ."

2019ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಈ ಲೆಕ್ಕಕ್ಕೇ ಮುದ್ರೆ ಒತ್ತಿತು. ಒಪ್ಪದವರು ಉದಾರವಾದಿ ಗಿನ್ಸ್‌ಬರ್ಗ್ ಮತ್ತು ಸಂಪ್ರದಾಯವಾದಿ ಗೋರ್ಸಚ್; ಅಪರೂಪದ ಜೋಡಿ! ಗ್ಯಾಂಬಲ್‌ನ ಜೈಲುವಾಸ ಸುಮಾರು ಮೂರು ವರ್ಷ ಬೆಳೆಯಿತು.

"ಮೂರನೆಯವರು ಯಾರೂ ಇಲ್ಲ ತಾನೆ?"

"ಜಾರ್ಜಿಯಾ ಗಡಿ ದಾಟಿದ್ದೆಯಾ? 1985ರ ತೀರ್ಪಿನ ಪ್ರಕಾರ ಒಂದೇ ಕೊಲೆಗೆ ಎರಡು ರಾಜ್ಯಗಳೂ ಕೇಸು ನಡೆಸಬಹುದು."