ತುರಿಕೆ ನಿಮ್ಮದು, ಮುಲಾಮು ಮನೆಮಂದಿಗೆಲ್ಲ

ಮೊದಲೇ ಹೇಳಿಬಿಡುತ್ತೇನೆ, ಈ ಹರಟೆ ಓದಿ ಮುಗಿಸುವಷ್ಟರಲ್ಲಿ ನೀವು ಎಲ್ಲಾದರೊಂದು ಕಡೆ ಕೆರೆದುಕೊಂಡೇ ಕೆರೆದುಕೊಳ್ಳುತ್ತೀರಿ. ತುರಿಕೆಯ ಮಾತು ಕಿವಿಗೆ ಬಿದ್ದರೆ ಸಾಕು, ಬೆರಳು ತಾನಾಗಿ ಜಾಗ ಹುಡುಕಲು ಹೊರಡುತ್ತದೆ. ನಾಚಿಕೊಳ್ಳಬೇಡಿ. ಬರೆಯುತ್ತಿರುವವನ ಎಡಗೈಯೂ ಈಗ ಬೇರೆ ಕೆಲಸದಲ್ಲಿದೆ.

ನಮ್ಮಲ್ಲಿ ಕೆಲವು ಕಾಯಿಲೆಗಳಿಗೆ ಮರ್ಯಾದೆ ಉಂಟು. ಷುಗರ್ ಇದ್ದವರು ಮದುವೆ ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನನ್ನು ತಡೆದು, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ತಮ್ಮ ಅಂಕಿ ಹೇಳುತ್ತಾರೆ. ಹೇಳಿದ ಮೇಲೆ ಹೋಳಿಗೆಯನ್ನೂ ತಿನ್ನುತ್ತಾರೆ. ಬೈಪಾಸ್ ಆದವರಂತೂ ಅಂಗಿಯ ಗುಂಡಿ ಬಿಚ್ಚಿ ತೋರಿಸಲೂ ತಯಾರು. ಆದರೆ ‘ನನಗೆ ಕಜ್ಜಿ ಆಗಿದೆ ಕಣ್ರೀ’ ಎಂದು ಅದೇ ಪಂಕ್ತಿಯಲ್ಲಿ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಕಜ್ಜಿ ಬೀದಿ ನಾಯಿಗೆ ಆಗುತ್ತದೆ, ಹಾಸ್ಟೆಲ್ ಹುಡುಗರಿಗೆ ಆಗುತ್ತದೆ, ಎದುರು ಮನೆಯವರಿಗೆ ಆಗುತ್ತದೆ. ನಮಗೆ ಆಗುವುದು ‘ಸ್ಕಿನ್ ಅಲರ್ಜಿ’.

ಅಲರ್ಜಿ ಎಂದ ಮೇಲೆ ಅದಕ್ಕೊಂದು ಕಾರಣ ಬೇಕಲ್ಲ? ಆಗ ಮನೆಯೊಳಗೇ ವಿಚಾರ ಸಂಕಿರಣ ಶುರುವಾಗುತ್ತದೆ.

“ಬದನೆಕಾಯಿ ನಂಜು ಅಂತ ಆವತ್ತೇ ಬಡ್ಕೊಂಡೆ. ಈ ಮನೇಲಿ ನನ್ನ ಮಾತು ಯಾರು ಕೇಳ್ತಾರೆ?” ಎನ್ನುತ್ತಾರೆ ಅತ್ತೆ.

“ಅಲ್ಲಮ್ಮ, ಇದು ಬೋರ್ ನೀರಿಂದು,” ಎನ್ನುತ್ತಾನೆ ಮಗ.

“ಪಿತ್ತ. ಬರೀ ಪಿತ್ತ,” ಎಂದು ಮಾವ ಪೇಪರಿನ ಹಿಂದಿನಿಂದಲೇ ತೀರ್ಪು ಕೊಡುತ್ತಾರೆ.

ಸೊಸೆಗೆ ಹೊಸ ಸೋಪಿನ ಪುಡಿಯ ಮೇಲೆ ಅನುಮಾನ. ನಾಲ್ವರೂ ನಾಲ್ಕು ಕಾರಣ ಹೇಳುತ್ತಾ ಒಂದೇ ತಾಳದಲ್ಲಿ ಕೆರೆಯುತ್ತಿರುತ್ತಾರೆ. ಬದನೆಕಾಯಿ ಕಂಡರಾಗದ ಮೊಮ್ಮಗನೂ ಏಕೆ ಕೆರೆಯುತ್ತಿದ್ದಾನೆ, ಎಲ್ಲರಿಗೂ ದೀಪ ಆರಿಸಿ ಮಲಗಿದ ಮೇಲೆಯೇ ಏಕೆ ಜೋರಾಗುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತುರಿಕೆ, ಅದೂ ರಾತ್ರಿ ಹೆಚ್ಚು ಎಂದರೆ, ಪಿತ್ತಕ್ಕಿಂತ ಮೊದಲು ಕಜ್ಜಿಯನ್ನು ನೆನೆಯಬೇಕು.

ತಮಾಷೆ ಏನೆಂದರೆ, ಮರ್ಯಾದೆಗೆ ಅಂಜಿ ನಾವು ಹೇಳುವ ‘ಅಲರ್ಜಿ’ ಎಂಬ ಸುಳ್ಳು ಅರ್ಧ ನಿಜ. ಸ್ಕೇಬೀಸ್ ಎನ್ನುವ ಈ ಕಜ್ಜಿಯನ್ನು ತರುವುದು ಸಾರ್ಕಾಪ್ಟಿಸ್ ಎಂಬ ಎಂಟು ಕಾಲಿನ ನುಸಿ. ಜೇಡನ ದೂರದ ನೆಂಟ, ಗಾತ್ರ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು, ದಿನಕ್ಕೆ ಎರಡು ಮೂರು ಮೊಟ್ಟೆ ಇಟ್ಟುಕೊಂಡು, ತಿಂಗಳು ಎರಡು ತಿಂಗಳು ಬಾಡಿಗೆಯಿಲ್ಲದೆ ಬದುಕುತ್ತದೆ. ಅದು ಕೊರೆದದ್ದಕ್ಕೆ ನಮಗೆ ತುರಿಸುವುದಲ್ಲ. ಅದರ ಮೈ, ಮೊಟ್ಟೆ, ಮಲ ಇವುಗಳ ಮೇಲೆ ನಮ್ಮ ದೇಹ ತೀರಿಸಿಕೊಳ್ಳುವ ಸಿಟ್ಟೇ ತುರಿಕೆ, ಅಂದರೆ ಅಪ್ಪಟ ಅಲರ್ಜಿ. ಸಾಮಾನ್ಯವಾಗಿ ಒಬ್ಬರ ಮೈಮೇಲೆ ಇರುವುದು ಹತ್ತು ಹದಿನೈದು ನುಸಿ ಮಾತ್ರ. ಗುಳ್ಳೆಗಳೋ ಮೈತುಂಬ. ನುಸಿ ಕಾಲಿಡದ ಜಾಗದಲ್ಲೂ ಗುಳ್ಳೆ ಏಳುತ್ತದೆ.

ಈ ಸಿಟ್ಟು ನಡೆಯುವುದು ಸರ್ಕಾರಿ ಕಚೇರಿಯ ಕಡತದ ಗತಿಯಲ್ಲಿ. ಮೊದಲ ಸಲ ನುಸಿ ಒಳಹೊಕ್ಕಾಗ ದೂರು ದಾಖಲಾಗಿ, ಗುಮಾಸ್ತರ ಮೇಜಿನಿಂದ ಸಾಹೇಬರ ಮೇಜಿಗೆ ಹೋಗಿ, ಸಹಿ ಬಿದ್ದು ಆದೇಶ ಹೊರಡಲು 4ರಿಂದ 6 ವಾರ ಬೇಕು. ಅಲ್ಲಿಯತನಕ ಆಸಾಮಿಗೆ ತುರಿಕೆಯೇ ಇಲ್ಲ. ಆರಾಮವಾಗಿ ಓಡಾಡಿಕೊಂಡು ಪಕ್ಕದಲ್ಲಿ ಮಲಗಿದವರಿಗೆಲ್ಲ ಹಂಚುತ್ತಿರುತ್ತಾನೆ. ಎರಡನೇ ಸಲ ಬಂದರೆ ಹಳೆಯ ಕಡತ ಕೈಗೆಟುಕುವಂತೆಯೇ ಇರುತ್ತದೆ, ಒಂದರಿಂದ ನಾಲ್ಕು ದಿನದೊಳಗೆ ತುರಿಕೆ ಹಾಜರ್. ಇನ್ನು ನುಸಿ ಸತ್ತುಹೋದ ಮೇಲೂ ಕಡತ ಮುಚ್ಚಲು 2ರಿಂದ 4 ವಾರ. ತುರಿಕೆ ತಡವಾಗಿ ಬಂದು ತಡವಾಗಿ ಹೋಗುತ್ತದೆ. ಕಜ್ಜಿಯ ವಿಷಯದಲ್ಲಿ ನಾವು ಮಾಡುವ ಎಡವಟ್ಟುಗಳೆಲ್ಲ ಹುಟ್ಟುವುದು ಇದನ್ನು ಮರೆತಾಗಲೇ.

ಇದನ್ನೆಲ್ಲ ಕಂಡುಕೊಂಡ ಕತೆಯೂ ಸೊಗಸಾಗಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಸೈನಿಕರು ಹಿಟ್ಲರನಿಗಿಂತ ಹೆಚ್ಚಾಗಿ ಕಜ್ಜಿಯ ಜೊತೆ ಕಾದಾಡುತ್ತಿದ್ದರು. 1941ರಲ್ಲಿ ಕೆನೆತ್ ಮೆಲನ್‌ಬಿ ಎಂಬ ಕೀಟಶಾಸ್ತ್ರಜ್ಞ ಶೆಫೀಲ್ಡ್ ಊರಿನಲ್ಲಿ ಒಂದು ಮನೆ ಹಿಡಿದು, ಯುದ್ಧಕ್ಕೆ ಬರುವುದಿಲ್ಲ ಎಂದ ಶಾಂತಿವಾದಿಗಳನ್ನು ಕಲೆಹಾಕಿದ. ಬಂದೂಕು ಹಿಡಿಯಲೊಲ್ಲದ ಆ ಮಹಾನುಭಾವರು ಕಜ್ಜಿ ಹತ್ತಿದ ಸೈನಿಕರ ಒಗೆಯದ ಒಳಉಡುಪು ತೊಟ್ಟರು, ಅವರು ಹೊದ್ದ ಕಂಬಳಿಯಲ್ಲೇ ಬತ್ತಲೆ ಮಲಗಿದರು. ಇದಕ್ಕಿಂತ ಬಂದೂಕೇ ವಾಸಿಯಿತ್ತೇನೋ! ಆದರೂ ಕಜ್ಜಿ ಅಂಟಿದ್ದು ಬೆರಳೆಣಿಕೆಯಷ್ಟು ಜನರಿಗೆ. ರೋಗಿಯ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿಸಿದಾಗ ಮಾತ್ರ ಸರಾಗವಾಗಿ ಅಂಟಿತು. ಅಲ್ಲಿಯವರೆಗೆ ಕಂಬಳಿಗಳನ್ನು ಬೇಯಿಸುತ್ತ ಕೂತಿದ್ದ ಸೇನೆಗೆ, ಕಂಬಳಿ ಬಿಡಿ ಜನರನ್ನು ನೋಡಿ ಎಂಬ ಬುದ್ಧಿ ಬಂತು. ಮೊದಲ ಸಲದ ತುರಿಕೆ ತಿಂಗಳು ತಡೆದು ಬರುವುದನ್ನೂ ಆತ ಇದೇ ಮಂದಿಯ ಮೇಲೆ ಕಂಡ.

ನಮ್ಮ ಮನೆಗಳಲ್ಲಿ ನಡೆಯುವುದು ಮಾತ್ರ ಉಲ್ಟಾ. ದಿಂಬು, ಸೋಫಾ, ಕಿಟಕಿ ಪರದೆ ಎಲ್ಲಕ್ಕೂ ಶಾಸ್ತಿ ಆಗುತ್ತದೆ, ಫಿನಾಯಿಲ್ ವಾಸನೆ ಬೀದಿಗೆ ಹೊಡೆಯುತ್ತದೆ. ಮುಲಾಮು ಹಚ್ಚಿಕೊಳ್ಳಿ ಎಂದರೆ ಮನೆಯ ಯಜಮಾನರು ಅವಮಾನವಾದಂತೆ ನೋಡುತ್ತಾರೆ. “ನನಗೇನೂ ತುರಿಸ್ತಿಲ್ಲ, ನಾನ್ಯಾಕೆ ಹಚ್ಕೊಳ್ಳಲಿ?” ಸ್ವಾಮಿ, ನಿಮ್ಮ ಕಡತ ಇನ್ನೂ ಗುಮಾಸ್ತರ ಮೇಜಿನ ಮೇಲಿದೆ, ಅಷ್ಟೇ. ಎಲ್ಲರೂ ವಾಸಿಯಾದ ಮೇಲೆ ಅದೇ ನುಸಿಯನ್ನು ಮತ್ತೆ ಮನೆಗೆ ಹಂಚುವ ಪುಣ್ಯಾತ್ಮರು ನೀವೇ.

ಗುರುತಿಸುವುದು ಹೇಗೆ? ಬೆರಳ ಸಂದು, ಮಣಿಕಟ್ಟು, ಮೊಣಕೈ, ಕಂಕುಳು, ಹೊಕ್ಕುಳ ಸುತ್ತ, ಉಡಿದಾರ ಕೂರುವ ಜಾಗ, ತೊಡೆಸಂದು, ಗಂಡಸರಿಗೆ ಮರ್ಮಾಂಗ, ಹೆಂಗಸರಿಗೆ ಎದೆಯ ಭಾಗ. ದೊಡ್ಡವರಲ್ಲಿ ಮುಖ ಸಾಮಾನ್ಯವಾಗಿ ಪಾರು. ಎಳೆ ಮಕ್ಕಳಿಗೆ ಮಾತ್ರ ಅಂಗೈ, ಅಂಗಾಲು, ತಲೆಯನ್ನೂ ಬಿಡುವುದಿಲ್ಲ. ಕಣ್ಣಿಟ್ಟು ನೋಡಿದರೆ ಬೆರಳ ಸಂದಿನಲ್ಲಿ ಕೂದಲೆಳೆಯಷ್ಟು ಸಣ್ಣ ಸೊಟ್ಟ ಗೆರೆ ಕಾಣಬಹುದು. ಅದೇ ಸುರಂಗ. ಅನುಮಾನವಿದ್ದರೆ ಅದರ ಮೇಲೆ ಪೆನ್ನಿನ ಶಾಯಿ ಬಳಿದು ಒರೆಸುವ ಹಳೆಯ ಉಪಾಯವೊಂದು ವೈದ್ಯರಲ್ಲಿದೆ. ಶಾಯಿ ಸುರಂಗದೊಳಗೆ ಇಳಿದು ಗೆರೆ ಎದ್ದು ಕಾಣುತ್ತದೆ. ಬೀದಿ ನಾಯಿಯ ಮೇಲೆ ಆಪಾದನೆ ಬೇಡ. ಅದರ ಕಜ್ಜಿ ನುಸಿಯ ತಳಿ ಬೇರೆ, ಮುಟ್ಟಿದವರಿಗೆ ಕೆಲವು ದಿನ ತುರಿಕೆ ತಂದೀತು, ನಮ್ಮ ಚರ್ಮದಲ್ಲಿ ಸಂಸಾರ ಹೂಡದು.

ಇಷ್ಟೆಲ್ಲ ನೋಡುವ ಪುರುಸೊತ್ತು ಯಾರಿಗಿದೆ? ನಾವು ನೇರ ಮೆಡಿಕಲ್ ಶಾಪಿಗೆ ಹೋಗಿ, “ತುರಿಕೆಗೆ ಏನಾದ್ರೂ ಕೊಡಿ” ಎನ್ನುತ್ತೇವೆ. ಅಲ್ಲಿಯವರು ಗಜಕರ್ಣ, ಇಸುಬು, ಮೊಡವೆ ಎಲ್ಲಕ್ಕೂ ಆಗುವ ಟ್ಯೂಬೊಂದನ್ನು ಚಾಚುತ್ತಾರೆ. ಅದರೊಳಗೆ ಸ್ಟೆರಾಯ್ಡ್ ಇರುತ್ತದೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ, ಅಂಗಡಿಯವರ ಕೈಗುಣಕ್ಕೆ ಜೈಕಾರ! ಆದರೆ ಸ್ಟೆರಾಯ್ಡ್ ಅಡಗಿಸಿದ್ದು ದೇಹದ ದೂರನ್ನು, ನುಸಿಯನ್ನಲ್ಲ. ಕೇಳುವವರಿಲ್ಲದೆ ಅದು ಹುಲುಸಾಗಿ ಬೆಳೆಯುತ್ತದೆ, ಗುಳ್ಳೆಗಳ ರೂಪ ಬದಲಾಗಿ ಮುಂದೆ ಚರ್ಮದ ಡಾಕ್ಟರಿಗೂ ಗುರುತು ಸಿಗುವುದು ಕಷ್ಟವಾಗುತ್ತದೆ. ದೇಹದ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ ಇದೇ ನುಸಿ ಸಾವಿರ, ಲಕ್ಷಗಟ್ಟಲೆ ಆಗಿ ಚರ್ಮ ಹೊಪ್ಪಳೆಗಟ್ಟುವುದೂ ಉಂಟು.

ಸರಿಯಾದ ಮದ್ದು ಸರಳವಾಗಿದೆ. ವೈದ್ಯರು ಹೆಚ್ಚಾಗಿ ಬರೆಯುವುದು ಶೇ. 5ರ ಪರ್ಮೆಥ್ರಿನ್ ಮುಲಾಮು. ರಾತ್ರಿ ಕತ್ತಿನಿಂದ ಕಾಲಬೆರಳವರೆಗೆ, ಉಗುರಿನ ಕೆಳಗೆ, ಹೊಕ್ಕುಳೊಳಗೆ, ಯಾವ ಮೂಲೆಯನ್ನೂ ಬಿಡದೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ಸ್ನಾನ. ಒಂದು ವಾರದ ಮೇಲೆ ಮತ್ತೊಮ್ಮೆ. ತುರಿಸುವ ಜಾಗಕ್ಕೆ ಮಾತ್ರ ಬೊಟ್ಟಿಡುವುದಲ್ಲ. ದೊಡ್ಡವರೊಬ್ಬರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ಆರು ಜನರ ಮನೆಗೆ ಒಂದೇ ಟ್ಯೂಬ್ ತಂದು ಕುಂಕುಮದಂತೆ ಹಂಚುವ ಜಾಣತನ ಇಲ್ಲಿ ನಡೆಯದು. ಐವರ್‌ಮೆಕ್ಟಿನ್ ಮಾತ್ರೆಯೂ ಇದೆ. ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ತಂದುಕೊಟ್ಟ, ಕೊರೋನಾ ಕಾಲದಲ್ಲಿ ಯಾರ್ಯಾರೋ ನುಂಗಿದ ಅದೇ ಮಾತ್ರೆ. ತೂಕ ನೋಡಿ ಕೊಡುವ ಮದ್ದು ಅದು. ಬಸುರಿಯರಿಗೂ ಪುಟ್ಟ ಮಕ್ಕಳಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಬೇವಿನ ಸೊಪ್ಪಿನ ನೀರು ಹಿತವೆನಿಸಿದರೆ ಮೀಯಿರಿ, ಅದನ್ನೇ ನಂಬಿ ಕೂರಬೇಡಿ. ಇಟ್ಟಿಗೆ ಚೂರಿನಿಂದ ಮೈ ಉಜ್ಜುವುದಂತೂ ಬೇಡವೇ ಬೇಡ. ಕೆರೆದು ಗಾಯವಾದರೆ ಕೀವು ತುಂಬುತ್ತದೆ, ಅಲ್ಲಿ ಸೇರುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಮಕ್ಕಳ ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ನಗೆಯಾಡುವ ಮಾತು ಅಲ್ಲಿಗೆ ಮುಗಿಯುತ್ತದೆ.

ಬಟ್ಟೆಯ ವಿಷಯ ಇಷ್ಟೇ. ಮೈಬಿಟ್ಟ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಮದ್ದು ಹಚ್ಚುವ ಹಿಂದಿನ ಮೂರು ದಿನ ಬಳಸಿದ ಬಟ್ಟೆ, ಹಾಸಿಗೆ, ಟವೆಲನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಅಟ್ಟಕ್ಕೆ ಎಸೆಯಿರಿ. ಕೈಕುಲುಕಿದ ಮಾತ್ರಕ್ಕೆ ಕಜ್ಜಿ ಅಂಟುವುದು ಅಪರೂಪ. ಬಹಳ ಹೊತ್ತು ಮೈಗೆ ಮೈ ತಾಗಬೇಕು.

ಎರಡು ಸುತ್ತು ಮುಲಾಮು ಮುಗಿದ ಮೇಲೂ ತುರಿಕೆ ಇದ್ದರೆ? “ಈ ಮದ್ದು ನಮಗೆ ಹಿಡಿಯಲ್ಲ” ಎಂದು ಮೂರನೇ, ನಾಲ್ಕನೇ ಸಲ ಬಳಿದುಕೊಳ್ಳುವವರಿದ್ದಾರೆ. ಆಗ ಮುಲಾಮಿನ ಉರಿಗೇ ಮೈ ಕೆಂಪಾಗಿ ಹೊಸ ತುರಿಕೆ ಏಳುತ್ತದೆ. ಸತ್ತ ನುಸಿಯ ಅವಶೇಷ ಚರ್ಮದ ಜೊತೆ ಉದುರಿಹೋಗುವವರೆಗೆ ಅಲರ್ಜಿ ಮುಂದುವರಿಯುತ್ತದೆ, ಅದಕ್ಕೆ ಡಾಕ್ಟರು ಬೇರೆ ಮಾತ್ರೆ ಕೊಡುತ್ತಾರೆ. ನಾಲ್ಕು ವಾರ ದಾಟಿದರೆ, ಇಲ್ಲವೇ ಹೊಸ ಸುರಂಗ ಕಂಡರೆ ಮಾತ್ರ ಮತ್ತೆ ವಿಚಾರಣೆ.

ಎಲ್ಲರೂ ಒಟ್ಟಿಗೆ ಮದ್ದು ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಫಿಜಿ ದ್ವೀಪದವರು ಸಾಕ್ಷಿ. ಅಲ್ಲಿ ತುರಿಕೆ ಇದ್ದವರು ಇಲ್ಲದವರು ಎಂದು ನೋಡದೆ ಇಡೀ ಸಮುದಾಯಕ್ಕೆ ಐವರ್‌ಮೆಕ್ಟಿನ್ ಕೊಟ್ಟಾಗ, ಶೇ. 32ರಷ್ಟು ಜನರಲ್ಲಿದ್ದ ಕಜ್ಜಿ ಒಂದು ವರ್ಷದಲ್ಲಿ ಶೇ. 2ಕ್ಕೂ ಕೆಳಗಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕಜ್ಜಿಯನ್ನು ಕಡೆಗಣಿಸಲ್ಪಟ್ಟ ರೋಗಗಳ ಪಟ್ಟಿಗೆ ಸೇರಿಸಿತು. ಕಡೆಗಣಿಸುವುದರಲ್ಲಿ ನಮ್ಮ ಪಾಲೂ ಇದೆ ಅನ್ನಿ.

ಆದ್ದರಿಂದ, ನಿಮ್ಮ ಮನೆಯಲ್ಲಿ ರಾತ್ರಿ ಕೆರೆತದ ಸದ್ದು ಕೇಳುತ್ತಿದ್ದರೆ ನಾಳೆಯೇ ಚರ್ಮದ ಡಾಕ್ಟರ ಬಳಿ ಹೋಗಿ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಾಗ ‘ನನಗೇನೂ ಇಲ್ಲ’ ಎನ್ನುವ ಯಜಮಾನರನ್ನೂ ಸೇರಿಸಿ ಲೆಕ್ಕ ಹೇಳಿ. ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಿ. ಕಳೆದ ವಾರ ಬಂದು ಎರಡು ರಾತ್ರಿ ಮಲಗಿಹೋದ ನೆಂಟರಿಗೆ ಒಂದು ಫೋನ್ ಮಾಡಿ. ಅವರು ಬೈದರೆ ಬೈಸಿಕೊಳ್ಳಿ. ಹೇಳದೇ ಉಳಿದರೆ ಮುಂದಿನ ಹಬ್ಬಕ್ಕೆ ಅವರು ಅದನ್ನು ಮರಳಿಸಿಯೇ ಹೋಗುತ್ತಾರೆ.