ಜಂಟಿ ಖಾತೆಯ ಕ್ಲೋರೀನಣ್ಣ

ಮಗ ವಿಜಯವಾಡದ ಹಾಸ್ಟೆಲು ಸೇರಿದನೆಂದರೆ ಸಾಕು, ನಮ್ಮ ರಾಯಚೂರು ಕಡೆಯ ಅಪ್ಪಂದಿರ ಪಾಲಿಗೆ ಅವನು ಆಗಲೇ ಅರ್ಧ ಡಾಕ್ಟರ್. ಉಳಿದರ್ಧಕ್ಕೆ ನೀಟ್ ಒಂದು ಬಾಕಿ. ನನ್ನ ಅಕ್ಕನ ಮಗನೂ ಈ ಪೈಕಿಯವನೇ. ಅಂಕಿ ಉದುರಿಸುವುದರಲ್ಲಿ ವಿಜಯವಾಡದ ಒನ್ ಟೌನಿನ ಕಾಳೇಶ್ವರರಾವ್ ಮಾರ್ಕೆಟ್ಟಿನ ವ್ಯಾಪಾರಿಗಳೂ ಅವನ ಮುಂದೆ ನಾಚಬೇಕು. “ಫ್ಲೋರೀನ್ 3.98, ಆಕ್ಸಿಜನ್ 3.44, ಕ್ಲೋರೀನ್ 3.16, ಹೈಡ್ರೋಜನ್ 2.20...”

“ಏನಪ್ಪಾ ಇದು, ದರಪಟ್ಟಿಯೇ?” ಅಂದೆ.

“ಎಲೆಕ್ಟ್ರೋನೆಗೆಟಿವಿಟಿ ಮಾಮಾ, ಬಂಧದ ಎಲೆಕ್ಟ್ರಾನುಗಳನ್ನು ಪರಮಾಣು ತನ್ನತ್ತ ಎಳೆಯುವ ತಾಕತ್ತು. ವ್ಯತ್ಯಾಸ 1.7 ದಾಟಿದರೆ ಅಯಾನಿಕ್, ಇಲ್ಲದಿದ್ದರೆ ಕೋವೆಲೆಂಟ್. ಮುಗೀತು.”

ಎಲ್ಲಿ ಮುಗೀತು? ಹೈಡ್ರೋಜನ್ ಫ್ಲೋರೈಡನ್ನೇ ನೋಡಿ. 3.98ರಲ್ಲಿ 2.20 ಕಳೆದರೆ 1.78, ಗೆರೆ ದಾಟಿತು. ಆದರೂ ಅದು ಉಪ್ಪಿನಂಥ ಹರಳಲ್ಲ. 20 ಡಿಗ್ರಿಯ ಆಸುಪಾಸಿನಲ್ಲೇ ಕುದ್ದು ಆವಿಯಾಗುವ ಕೋವೆಲೆಂಟ್ ಆಸಾಮಿ. 1932ರಲ್ಲಿ ಲೈನಸ್ ಪಾಲಿಂಗ್ ಬಂಧಗಳ ಶಕ್ತಿ ಲೆಕ್ಕ ಹಾಕಿ ಈ ಪಟ್ಟಿ ಶುರುಮಾಡಿದರು. ಅದನ್ನು ಪಾಸು–ಫೇಲಿನ ಗೆರೆ ಮಾಡಿದ್ದು ನಮ್ಮ ಗೈಡುಗಳ ಪುಣ್ಯ.

ಕೋವೆಲೆಂಟ್ ಬಂಧವೆಂದರೆ ಗಂಡ ಹೆಂಡಿರ ಜಂಟಿ ಖಾತೆ. ಹೈಡ್ರೋಜನ್ ಒಂದು, ಕ್ಲೋರೀನ್ ಒಂದು ಎಲೆಕ್ಟ್ರಾನು ಹಾಕಿ ಖಾತೆ ತೆರೆದಿವೆ. ಹೆಸರು ಇಬ್ಬರದೂ ಇದೆ, ಎಟಿಎಂ ಕಾರ್ಡು ಮಾತ್ರ ಕ್ಲೋರೀನಣ್ಣನ ಜೇಬಲ್ಲಿ. ಹಾಗಾಗಿ ಅವನ ಕಡೆ ತುಸು ಋಣ, ಆಕೆಯ ಕಡೆ ತುಸು ಧನ. (ಬ್ಯಾಂಕಿನವರು ಕೇಳಿದರೆ ನಕ್ಕಾರು.) ಇಂಥದ್ದೇ ಪೋಲಾರ್ ಬಂಧ. ಸೋಡಿಯಂ ಜೊತೆಗಾದರೆ ವ್ಯತ್ಯಾಸ 2.23. ಅಲ್ಲಿ ಜಂಟಿ ಗಿಂಟಿ ಇಲ್ಲ, ಇಡೀ ಖಾತೆ ಅಣ್ಣನ ಹೆಸರಿಗೇ ವರ್ಗ.

ಬಂಧ ಪೋಲಾರ್ ಆದ ಮಾತ್ರಕ್ಕೆ ಅಣುವೂ ಪೋಲಾರ್ ಅಂದುಕೊಂಡರೆ ಕೆಟ್ಟಿರಿ. ಕಾರ್ಬನ್ ಡೈಆಕ್ಸೈಡಿನಲ್ಲಿ ಎರಡು ಆಕ್ಸಿಜನ್ ಎದುರುಬದುರು ನಿಂತು ಸಮಸಮ ಎಳೆಯುತ್ತವೆ, ಒಟ್ಟು ಸೊನ್ನೆ. ನೀರಿನ ಅಣು 104.5 ಡಿಗ್ರಿಗೆ ಬಾಗಿದೆ, ಅಲ್ಲಿ ಎರಡೂ ಎಳೆತ ಆಕ್ಸಿಜನ್ ಕಡೆಗೇ ಕೂಡುತ್ತವೆ. “ಗೊತ್ತು ಮಾಮಾ, ಎರಡು ಮಾರ್ಕಿನ ಪ್ರಶ್ನೆ” ಅಂದ.

ಗೊತ್ತಿದ್ದದ್ದು ಎಷ್ಟೆಂದು ಒನ್ ಟೌನಿನ ಮೆಸ್ಸೊಂದರಲ್ಲಿ ಬಯಲಾಯಿತು. ಎಲೆಯ ತುದಿಗೆ ಆವಕಾಯಿ ಬಿತ್ತು. ಮೆಣಸಿನಕಾಯಿಯ ಗುಂಟೂರು ಅಲ್ಲಿಗೆ ಪಕ್ಕದಲ್ಲೇ ಇದೆ, ನೆನಪಿರಲಿ. ಹುಡುಗ ಧಾರಾಳವಾಗಿ ಕಲಸಿ ಬಾಯಿಗಿಟ್ಟ. ಕಿವಿ ಕೆಂಪಾಯಿತು, ಕಣ್ಣು ಮೂಗು ಒಂದಾದವು. ಲೋಟದ ಮೇಲೆ ಲೋಟ ನೀರು ಸುರಿದುಕೊಂಡ. ಉರಿ ಬಾಯಿ ತುಂಬ ತಿರುಗಾಡಿತೇ ಹೊರತು ಇಳಿಯಲಿಲ್ಲ. ಇಳಿಯುವುದಾದರೂ ಹೇಗೆ? ಖಾರದ ಕ್ಯಾಪ್ಸೈಸಿನ್ ಅಣುವಿಗೆ ಕಾರ್ಬನ್–ಹೈಡ್ರೋಜನ್‌ಗಳ ಉದ್ದ ಬಾಲ. ಅವೆರಡರ ವ್ಯತ್ಯಾಸ ಬರೀ 0.35. ಎಳೆದಾಟವೇ ಇಲ್ಲದ ಇಂಥ ಬಾಲವನ್ನು ನೀರು ಹತ್ತಿರ ಸೇರಿಸುವುದಿಲ್ಲ, ಜಿಡ್ಡು ಸೇರಿಸಿಕೊಳ್ಳುತ್ತದೆ. ಬಡಿಸುವಾತನಿಗೆ ಪಾಲಿಂಗ್ ಯಾರೋ ಏನೋ, “ನೆಯ್ಯಿ ವೇಸ್ಕೋ ಬಾಬೂ” ಎಂದು ಅನ್ನದ ಮೇಲೆ ತುಪ್ಪ ಹಾಕಿ, ಮೊಸರಿನ ಬಟ್ಟಲನ್ನೂ ಮುಂದೆ ತಳ್ಳಿದ. ಹುಡುಗ ಮನುಷ್ಯನಾದ.

ಪಿಯುಸಿ ಮಕ್ಕಳಿರುವ ಮನೆಯವರಲ್ಲಿ ನನ್ನದೊಂದು ಅರ್ಜಿ: 1.7 ಒಪ್ಪಿಸಿಕೊಳ್ಳುವ ಮೊದಲು ಖಾರದ ಉಪ್ಪಿನಕಾಯಿ ಬಡಿಸಿ, ನೀರು, ತುಪ್ಪ ಎರಡನ್ನೂ ಎದುರಿಗಿಡಿ. ಯಾವುದಕ್ಕೆ ಕೈಹಾಕಿದರು, ಯಾಕೆ ಹಾಕಿದರು ಅಂತ ಕೇಳಿ. ಮಾರ್ಕು ಅಲ್ಲೇ ಕೊಟ್ಟುಬಿಡಬಹುದು.