ಅತ್ತೆಯವರ ಆಲ್ಟೊ

ಜರ್ಮನಿಯಲ್ಲಿ ದೇವರ ಮನೆಗೆ ಹೋಗುವ ಮೊದಲು ನಗರಸಭೆಗೆ ಹೋಗಬೇಕು. ಹೊಸ ಮನೆಗೆ ಬಂದವರು ಎರಡು ವಾರದೊಳಗೆ ಅಲ್ಲಿ ಹೆಸರು ಬರೆಸಬೇಕೆಂಬುದು ಕಾನೂನು. ಅರ್ಜಿಯಲ್ಲಿ ಹುಟ್ಟಿದ ಊರು, ಮದುವೆ, ಮಕ್ಕಳು ಎಲ್ಲ ಆದ ಮೇಲೆ ಧರ್ಮ ಯಾವುದೆಂದು ಒಂದು ಕಾಲಂ. ಸ್ಟುಟ್‌ಗಾರ್ಟಿನಲ್ಲಿ ನಮಗಿಂತ ಮೊದಲೇ ಬಂದು ಪಳಗಿದ್ದ ಊರ ಕಡೆಯವರೊಬ್ಬರು, "ಅಲ್ಲೊಂದು ಗೀಟು ಎಳೆದುಬಿಡಿ, ಆಮೇಲೆ ಹೇಳುತ್ತೇನೆ ಯಾಕೆಂದು" ಅಂದಿದ್ದರು. ಆದರೆ ನನ್ನ ಗಂಡ ಉಡುಪಿಯಲ್ಲಿ ಸಭೆಯ ಹಿರಿಯರೊಬ್ಬರ ಮಗ. ಕೋಳಿ ಕೂಗುವ ಮೊದಲು ಪೇತ್ರನಾಗಲು ಮನಸ್ಸೊಪ್ಪದೆ, ಪ್ರೊಟೆಸ್ಟೆಂಟ್ ಎಂದು ಗುಂಡಗೆ ಬರೆದುಕೊಟ್ಟರು.

ಹೀಗಾಗಿ ಚರ್ಚಿನ ಮೊದಲ ಸ್ವಾಗತ ನಮಗೆ ಸಿಕ್ಕಿದ್ದು ಸಂಬಳದ ಚೀಟಿಯಲ್ಲಿ. ಕಟ್ಟುವ ಆದಾಯ ತೆರಿಗೆಯ ಮೇಲೆ ಇನ್ನೂ ಶೇ. 8ರಷ್ಟು ಚರ್ಚ್ ತೆರಿಗೆ. ನಮ್ಮ ಬಾಡೆನ್-ವ್ಯೂರ್ಟೆಂಬರ್ಗಿಗೂ ಪಕ್ಕದ ಬವೇರಿಯಕ್ಕೂ ಈ ಲೆಕ್ಕ. ಉಳಿದ ರಾಜ್ಯಗಳಲ್ಲಿ ಶೇ. 9. ಸರ್ಕಾರವೇ ಹಿಡಿದುಕೊಂಡು ಚರ್ಚಿಗೆ ತಲುಪಿಸುತ್ತದೆ. ಬೇಡವೆಂದರೆ ಸಭಾಪಾಲಕರ ಬಳಿ ಹೋಗಿ ಪ್ರಯೋಜನವಿಲ್ಲ. ಜನನ ಮರಣ ಬರೆದಿಡುವ ಕಚೇರಿಗೆ ಹೋಗಿ ಸದಸ್ಯತ್ವ ಬಿಡುತ್ತೇನೆಂದು ಸಹಿ ಹಾಕಬೇಕು, ಅದಕ್ಕೂ ಶುಲ್ಕ ಕೊಡಬೇಕು. ಊರಿನಲ್ಲಿ ವಂತಿಗೆ ವಸೂಲಿಯೆಂದರೆ ಒಂದು ಸಂಜೆಯ ಕಾರ್ಯಕ್ರಮ. ಹಿರಿಯರು ಬಂದು ಕೂತು, ಚಾ ಕುಡಿದು, ಮಳೆಯ ಮಾತಾಡಿ, ಮಕ್ಕಳ ಮಾರ್ಕು ವಿಚಾರಿಸಿ, ಹೊರಟು, ಮೆಟ್ಟಿಲಿಳಿದು ಚಪ್ಪಲಿಗೆ ಕಾಲು ತೂರಿಸುತ್ತಾ "ಹಾಂ, ಎಂಟು ತಿಂಗಳದ್ದು ಬಾಕಿ ಉಂಟಲ್ಲ" ಎನ್ನುತ್ತಾರೆ. ಇಲ್ಲಿ ನನಗೆ ಚಾ ಖರ್ಚು ಉಳಿಯಿತು.

ತೆರಿಗೆ ಕೊಟ್ಟ ಮೇಲೆ ಹೋಗದಿರುವುದು ಹೇಗೆ? ಅಷ್ಟರಲ್ಲಿ ನಗರಸಭೆಯ ಪಟ್ಟಿ ಚರ್ಚಿನ ಕಚೇರಿಗೂ ತಲುಪಿ, ಅಲ್ಲಿಂದ "ನಮ್ಮ ಸಭೆಗೆ ಸ್ವಾಗತ" ಎಂಬ ಕಾಗದ ಬಂತು. ಒಂದು ಆದಿತ್ಯವಾರ ಇಬ್ಬರು ಮಕ್ಕಳಿಗೂ ಮೂರು ಪದರ ಉಣ್ಣೆ ಹೊದಿಸಿ ಹೊರಟೆವು. ಒಳಗೆ ಹೋದರೆ ಮೊದಲ ಐದು ಸಾಲು ಖಾಲಿ, ಜನರೆಲ್ಲ ಹಿಂದೆ ಗೋಡೆಗೆ ಅಂಟಿಕೊಂಡಿದ್ದಾರೆ. ಆಗಲೇ ನನಗೆ ಅರ್ಧ ಧೈರ್ಯ ಬಂತು. ಉಡುಪಿಯಲ್ಲೂ ಹೀಗೆಯೇ.

ಉಳಿದರ್ಧ ಬಂದದ್ದು ಆರ್ಗನ್ ಶುರುವಾದಾಗ. ಗೋಡೆಯ ಹಲಗೆಯಲ್ಲಿ ಹಾಡುಗಳ ನಂಬರು ಮಾತ್ರ ಇರುತ್ತದೆ. ಪುಸ್ತಕ ತೆರೆದರೆ ನನಗೆ ಒಂದಕ್ಷರ ಅರ್ಥವಾಗದು. ಆದರೆ ರಾಗ? ಅದು ನಮ್ಮ ಅಜ್ಜಿ ಅಕ್ಕಿ ಆರಿಸುತ್ತಾ ಗುನುಗುತ್ತಿದ್ದ ರಾಗ! ಲೂಥರನ ಕೋಟೆಯ ಹಾಡು, "ಎಲ್ಲರೂ ದೇವರಿಗೆ ಸ್ತೋತ್ರ ಹೇಳಿರಿ" ಎಂಬ ಧಾಟಿಯ ಹಾಡು, ಎಲ್ಲ ನಮ್ಮವೇ. ನಾನೂ ಗಂಡನೂ ಮುಖ ಮುಖ ನೋಡಿಕೊಂಡು ಕನ್ನಡದಲ್ಲಿ ಹಾಡಿಬಿಟ್ಟೆವು. ಒಂದೇ ತೊಂದರೆಯೆಂದರೆ, ನಾವು ಊರಿನವರು ಮೊದಲ ಸಾಲನ್ನು ಎಳೆದು ಮುಗಿಸುವಷ್ಟರಲ್ಲಿ ಇವರು ಚರಣ ಮುಗಿಸಿ ಕೂತಿರುತ್ತಾರೆ.

ಈ ಕನ್ನಡ ಹಾಡಿಕೆಯ ಪೂರ್ಣ ಪ್ರತಾಪ ಗೊತ್ತಾದದ್ದು ಮರುವರ್ಷ ಬೇಸಿಗೆಗೆ ಅತ್ತೆಯವರು ಬಂದಾಗ. ಅತ್ತೆ ನಲವತ್ತು ವರ್ಷ ಚರ್ಚಿನ ಗಾಯನ ಮಂಡಳಿಯಲ್ಲಿ ಆಲ್ಟೊ, ಅಂದರೆ ಹೆಂಗಸರ ತಗ್ಗು ಸ್ವರ, ಹಾಡಿದವರು. ವಯಸ್ಸಿನಿಂದ ಮಂಡಿ ಸೋತಿದೆ, ಸ್ವರ ಸೋತಿಲ್ಲ. ಮೊದಲ ಹಾಡಿಗೇ ಎದ್ದು ನಿಂತು, ಪುಸ್ತಕದ ಗೊಡವೆಗೆ ಹೋಗದೆ, ಐದು ಚರಣ ಕನ್ನಡದಲ್ಲಿ, ಅದೂ ಆಲ್ಟೊದಲ್ಲಿ ಹಾಡಿದರು. ಮುಂದಿನ ಸಾಲಿನ ಬಿಳಿಗೂದಲೆಲ್ಲ ಒಂದೊಂದಾಗಿ ಹಿಂದೆ ತಿರುಗಿತು. ನಾನು ಅವರ ಸೆರಗು ಜಗ್ಗಿದೆ. "ನೀನು ಸುಮ್ಮನಿರು ಮಗಾ, ಇಲ್ಲಿ ಆಲ್ಟೊ ಹಾಡುವವರು ಕಡಿಮೆ ಇದ್ದಾರೆ" ಅಂದರು.

ಆರಾಧನೆ ಮುಗಿದದ್ದೇ ತಡ, ಒಬ್ಬ ಅಜ್ಜಿ ಅತ್ತೆಯ ಕೈ ಹಿಡಿದುಕೊಂಡು, ನನ್ನ ಗಂಡನ ಕಡೆ ನೋಡಿ, ನಿಮ್ಮ ತಾಯಿ ಯಾವಾಗ ಕ್ರೈಸ್ತರಾದರು ಎಂದು ಕೇಳಿದರು. ಗಂಡ ತರ್ಜುಮೆ ಮಾಡಿದರು. ಅತ್ತೆ ಶಾಂತವಾಗಿ, "ನಿಮ್ಮವರು ಬಂದು ಹೇಳಿದಾಗಲೇ ಆದೆವಲ್ಲ, ಮರೆತಿರಾ ಎಂದು ಕೇಳು" ಅಂದರು.

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಊರ ಸಭೆಗಳನ್ನು ಕಟ್ಟಿದ ಬಾಸೆಲ್ ಮಿಷನ್ನಿನ ಕಚೇರಿ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿದ್ದರೂ ಅದರ ಮಿಷನರಿಗಳಲ್ಲಿ ಬಹಳ ಮಂದಿ ಈ ವ್ಯೂರ್ಟೆಂಬರ್ಗಿನ ಹಳ್ಳಿಪೇಟೆಗಳ ಹುಡುಗರು. 1834ರಲ್ಲಿ ಮಂಗಳೂರಿಗೆ ಬಂದ ಮೂವರಲ್ಲಿ ಹೆಬಿಕ್ ಉಲ್ಮ್ ಹತ್ತಿರದವರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್ ಬ್ರಾಕನ್‌ಹೈಮಿನವರು. ಕಿಟೆಲರು ಉತ್ತರದ ಕಡಲ ಕಡೆಯವರಾದರೂ, 1894ರಲ್ಲಿ ನಿಘಂಟು ಮುಗಿಸಿಕೊಟ್ಟ ಮೇಲೆ ಕೊನೆಗಾಲ ಕಳೆದದ್ದು ನಮ್ಮ ಮನೆಯಿಂದ ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಟ್ಯೂಬಿಂಗೆನ್‌ನಲ್ಲಿ. ಈ ಜನ ತಮ್ಮ ಊರಿನ ರಾಗಗಳಿಗೆ ಕನ್ನಡದ ಮಾತು ಹೊಂದಿಸಿದರು. ಕಿಟೆಲರು ಅದಷ್ಟೇ ಸಾಲದೆಂದು ಕ್ರಿಸ್ತನ ಕಥೆಯನ್ನೇ ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಕಟ್ಟಿದರು. ನಾವು ಶಾಲೆಯಲ್ಲಿ ಅವರ ಹೆಸರು ಬಾಯಿಪಾಠ ಮಾಡಿದ್ದೇವೆ. ಈ ಅಜ್ಜಿಗೆ ಅವರ ಗಂಧಗಾಳಿಯಿಲ್ಲ. ನಮ್ಮೂರಿನಲ್ಲಿ ಬೀದಿಗೊಬ್ಬರಿಗೆ ಪರಿಚಿತರಾದವರು ಸ್ವಂತ ಜಿಲ್ಲೆಯಲ್ಲಿ ಅನಾಮಧೇಯರು. ಅತ್ತೆಯ ಹಟಕ್ಕೆ ಬ್ರಾಕನ್‌ಹೈಮಿಗೂ ಹೋಗಿ ಬಂದೆವು. ನಾವು ಮಾತಾಡಿಸಿದವರೆಲ್ಲ ಎರಡು ವಿಷಯ ಹೇಳಿದರು: ಪಶ್ಚಿಮ ಜರ್ಮನಿಯ ಮೊದಲ ಅಧ್ಯಕ್ಷ ಹೊಯ್ಸ್ ಇಲ್ಲೇ ಹುಟ್ಟಿದ್ದು, ಮತ್ತು ಇಲ್ಲಿಯ ದ್ರಾಕ್ಷಾರಸ ಬಹಳ ಒಳ್ಳೆಯದು. ಅತ್ತೆಗೆ ಎರಡೂ ರುಚಿಸಲಿಲ್ಲ.

ಅವರ ಪ್ರಪಂಚದಲ್ಲಿ ಎಲ್ಲದರ ಹೊಳೆ ಮಂಗಳೂರಿನಿಂದಲೇ ಹರಿಯುತ್ತದೆ. ರೈಲಿನ ಕಿಟಕಿಯಲ್ಲಿ ಕೆಂಪು ಹಂಚಿನ ಮಾಡುಗಳ ಸಾಲು ಕಂಡಾಗ, "ನೋಡು, ನಮ್ಮ ಹಂಚು ಇಲ್ಲಿಯವರೆಗೆ ಬಂದಿದೆ" ಎಂದು ಹೆಮ್ಮೆಪಟ್ಟರು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಇಟ್ಟ ಪ್ಲೆಬ್ಸ್ಟ್ ಕೂಡ ಮಿಷನ್ನಿನ ಜರ್ಮನರೇ ಎಂದು ಗಂಡ ನೆನಪಿಸಿದರು. "ಇರಬಹುದು. ಮಣ್ಣು ಯಾರದ್ದು?" ಅಂದರು ಅತ್ತೆ.

ಆರಾಧನೆಯ ನಂತರ ಕಾಫಿ ಇರುತ್ತದೆ. ಒಳಗೆ ಬಿಗಿದ ಮುಖದಲ್ಲಿ ಕೂತಿದ್ದವರು ಇಲ್ಲಿ ಕಪ್ಪು ಕೈಗೆ ಬಂದೊಡನೆ ಬೇರೆಯೇ ಜನ. ಭಾಷೆಯೂ ಬೇರೆ. ನಮಗೆ ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ ಇರುವಂತೆ ಇವರಿಗೆ ಪ್ರಸಂಗಪೀಠದಲ್ಲಿ ಪುಸ್ತಕದ ಜರ್ಮನ್, ಕಾಫಿ ಮೇಜಿನಲ್ಲಿ ಶ್ವಾಬಿಷ್. ನಾನು ಸಂಜೆಯ ತರಗತಿಯಲ್ಲಿ ಕಷ್ಟಪಟ್ಟು ಕಲಿತದ್ದು ಮೊದಲನೆಯದು. ಸ್ನೇಹವೆಲ್ಲ ನಡೆಯುವುದು ಎರಡನೆಯದರಲ್ಲಿ. ಅವರ ಜಡೆ ಹೆಣೆದಂಥ ಸಿಹಿ ಬ್ರೆಡ್ಡನ್ನು ಕೆಲವು ತಿಂಗಳು ಪುಕ್ಕಟೆ ತಿಂದು ನಾಚಿಕೆಯಾಗಿ ನಾನೊಂದು ವಾರ ಬನ್ಸ್ ಕರಿದು ತಂದೆ. ಬಾಳೆಹಣ್ಣು, ಮೈದಾ, ಜೀರಿಗೆ, ನಮ್ಮ ಕರಾವಳಿಯ ಅದೇ ಬನ್ಸ್. ಹತ್ತು ನಿಮಿಷದಲ್ಲಿ ಪಾತ್ರೆ ಖಾಲಿ. ಪೆನ್ನು ಕಾಗದ ಹಿಡಿದು ಒಬ್ಬರು ಬಂದರು: ಬಾಳೆಹಣ್ಣು ಎಷ್ಟು ಗ್ರಾಂ? ಹಿಟ್ಟು ಎಷ್ಟು ಗ್ರಾಂ? ಹಣ್ಣು ಎಷ್ಟು ಕುಡಿಯುತ್ತದೋ ಅಷ್ಟು ಹಿಟ್ಟು ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ, ನನ್ನ ಕಡೆ ಮರುಕದಿಂದ ನೋಡಿದರು.

ಈ ಅಕ್ಕರೆಗೆ ಖಾಲಿ ಬೆಂಚುಗಳೂ ಕಾರಣ ಎಂಬುದು ನನಗೆ ಗೊತ್ತು. 2022ರ ಹೊತ್ತಿಗೆ ಪ್ರೊಟೆಸ್ಟೆಂಟ್, ಕ್ಯಾಥೊಲಿಕ್ ಎರಡೂ ದೊಡ್ಡ ಚರ್ಚುಗಳ ಸದಸ್ಯರನ್ನು ಕೂಡಿಸಿದರೂ ಈ ದೇಶದ ಜನಸಂಖ್ಯೆಯ ಅರ್ಧಕ್ಕೆ ಬರುತ್ತಿರಲಿಲ್ಲ. ಅಂಥಲ್ಲಿ ಇಬ್ಬರು ಮಕ್ಕಳ ಸಮೇತ ನಾಲ್ಕು ಜನ ಒಟ್ಟಿಗೆ ಬಾಗಿಲು ದಾಟಿದರೆ ಹಬ್ಬವೇ. ಊರಿನಲ್ಲಿ ನಾವು ಬಂದೆವೋ ಇಲ್ಲವೋ ಕೇಳುವವರಿಲ್ಲ. ಇಲ್ಲಿ ಒಂದು ವಾರ ತಪ್ಪಿದರೆ ಫೋನು. ಅದರಲ್ಲಿ ಸ್ವಾರ್ಥವಿದೆ ಎಂದು ನನ್ನ ಗಂಡನ ವಾದ. ಇರಲಿ. ಬೇಕಾದವರನ್ನು ಕರೆಯುವುದರಲ್ಲಿ ಸ್ವಲ್ಪ ಸ್ವಾರ್ಥ ಇಲ್ಲದಿದ್ದರೆ ಆ ಕರೆಗೆ ಏನು ರುಚಿ?

ಕ್ರಿಸ್ಮಸ್ ನಾಟಕದಲ್ಲಿ ಮಾತ್ರ ಸಣ್ಣ ಜಟಾಪಟಿಯಾಯಿತು. ನಮ್ಮ ಮಕ್ಕಳನ್ನು ನೋಡಿದೊಡನೆ ಸಂಡೇ ಸ್ಕೂಲಿನ ಟೀಚರಿಗೆ ಪೂರ್ವದೇಶದ ಜ್ಞಾನಿಗಳೇ ಕಣ್ಣಮುಂದೆ ಬಂದರು. ಮಗನಿಗೆ ಕಿರೀಟ ಸಿಕ್ಕಿತೆಂದು ಖುಷಿ. ಮಗಳು ಒಪ್ಪಲಿಲ್ಲ, ತನ್ನ ಗೆಳತಿ ಕುರಿಯಂತೆ, ತಾನೂ ಕುರಿಯೇ ಆಗಬೇಕಂತೆ. ಟೀಚರು ಎಷ್ಟು ನಯವಾಗಿ ಹೇಳಿದರೂ ಅವಳು ಜಗ್ಗಲಿಲ್ಲ, ಅತ್ತೆಯ ಮೊಮ್ಮಗಳಲ್ಲವೆ? ಕೊನೆಗೆ ಬೆತ್ಲೆಹೇಮಿನ ಹೊಲದಲ್ಲಿ ಆ ವರ್ಷ ಒಂದು ಕುರಿ ಜಾಸ್ತಿಯಾಯಿತು. ಜ್ಞಾನಿಗಳಲ್ಲಿ ಒಬ್ಬನಾದದ್ದು ಚಿನ್ನದ ಕೂದಲಿನ, ಮೂಗು ಸೋರುತ್ತಿದ್ದ ಒಬ್ಬ ಶ್ವಾಬಿಯನ್ ಪೋರ.

ಮೊನ್ನೆ ಚರ್ಚಿನ ಬಾಗಿಲಲ್ಲಿ ಸುಗ್ಗಿ ಆರಾಧನೆಯ ಪಟ್ಟಿ ಅಂಟಿಸಿದ್ದರು. ಅಕ್ಟೋಬರಿನ ಆ ದಿನ ಬಲಿಪೀಠದ ಮುಂದೆ ಕುಂಬಳ, ಸೇಬು, ಕ್ಯಾಬೇಜು ಜೋಡಿಸುತ್ತಾರೆ. ನಮ್ಮಲ್ಲಿಯ ಹಾಗೆ ಆಮೇಲೆ ತೆಂಗಿನಕಾಯಿ, ಕೋಳಿ ಏಲಂ ಹಾಕಿ ಗದ್ದಲವೆಬ್ಬಿಸುವ ಕ್ರಮ ಈ ಸಭೆಯಲ್ಲಿಲ್ಲ, ಅದೊಂದು ಕೊರತೆ. ಆಲೂಗಡ್ಡೆ ಸಲಾಡ್ ಯಾರು, ಕೇಕ್ ಯಾರು, ಬೆಂಚು ಒರೆಸುವವರು ಯಾರು ಎಂದು ಬರೆದಿತ್ತು. ಈ ಸಲ ನನ್ನನ್ನು ಯಾರೂ ಕೇಳಿರಲಿಲ್ಲ. ಬೇರೆಯವರ ಅಕ್ಷರದಲ್ಲಿ, ಎರಡು ತಪ್ಪು ಕಾಗುಣಿತದ ಸಮೇತ ನನ್ನ ಹೆಸರು, ಎದುರಿಗೆ "ಬನ್ಸ್, 80". ನಾನು ಪೆನ್ನು ತೆಗೆದು ಹೆಸರು ಹಾಗೇ ಬಿಟ್ಟು, 80ನ್ನು ಹೊಡೆದು 60 ಎಂದು ಬರೆದೆ.